ಸುಡುವ ನಗರದಲ್ಲಿ ಅಗ್ಗದ ಕೋಣೆಯ ಧರ್ಮ

ಪರಸ್ಥಳದಲ್ಲಿ ಹಣ ತೆತ್ತು ಪಡೆಯುವ ಕೋಣೆಗೆ ನಾವು ಸಾಧಾರಣವಾಗಿ ಕಟ್ಟುವ ಬೆಲೆ ಅಲ್ಲಿನ ಹಾಸಿಗೆಯ ಮೃದುತ್ವವನ್ನೋ, ನೆಲದ ನೈರ್ಮಲ್ಯವನ್ನೋ, ಕಿಟಕಿಯಾಚೆಯ ನೋಟವನ್ನೋ ಅವಲಂಬಿಸಿರುತ್ತದೆ. ಹವೆ ಹಿತವಾಗಿರುವ ದೇಶಗಳಲ್ಲಿ ಈ ಎಣಿಕೆ ಸರಿಯಾದದ್ದೇ. ಅಲ್ಲಿ ಕೋಣೆಯೆಂಬುದು ವಿಶ್ರಾಂತಿಯ ಸಾಧನ, ಅದು ಒಂದೆರಡು ಗಂಟೆ ತಡವಾಗಿ ದೊರೆತರೂ ಅತಿಥಿಯಾದವನು ಮರದ ಕೆಳಗೆ ಕುಳಿತೋ ಬೀದಿ ಸುತ್ತಿಯೋ ಹೊತ್ತು ಕಳೆಯಬಲ್ಲನು. ಆದರೆ ಪರ್ಷಿಯನ್ ಕೊಲ್ಲಿಯ ದಡದ ನಗರಗಳಲ್ಲಿ, ಜೂನ್ ತಿಂಗಳ ನಡುವಿನಿಂದ ಸೆಪ್ಟೆಂಬರ್ ತಿಂಗಳ ನಡುವಿನವರೆಗೆ, ಕೋಣೆಯು ವಿಶ್ರಾಂತಿಯ ಸಾಧನವಾಗಿ ಮಾತ್ರ ಉಳಿಯದೆ ದೇಹರಕ್ಷಣೆಯ ಸಾಧನವಾಗಿ ಪರಿಣಮಿಸುತ್ತದೆ. ಈ ವ್ಯತ್ಯಾಸವನ್ನು ಅಲ್ಲಿನ ಹೋಟೆಲು ವ್ಯವಹಾರದ ವಾಡಿಕೆಗಳು ಇನ್ನೂ ಗಣನೆಗೆ ತಂದುಕೊಂಡಿಲ್ಲವೆಂಬುದೂ, ತಂದುಕೊಳ್ಳುವುದು ಕಷ್ಟವೇನೂ ಅಲ್ಲವೆಂಬುದೂ, ಅದನ್ನು ಕೇಳುವ ಅಧಿಕಾರ ನಮ್ಮ ಜನರಿಗೂ ಉಂಟೆಂಬುದೂ ಈ ಲೇಖನದ ವಾದವಾಗಿದೆ.

ಮೊದಲು ಆ ಸೆಕೆಯ ಸ್ವರೂಪವನ್ನು ಅರಿತುಕೊಳ್ಳಬೇಕು. ರಾಯಚೂರು ಕಲಬುರಗಿಗಳ ವೈಶಾಖದ ಬಿಸಿಲನ್ನು ಉಂಡವರು, ಕೊಲ್ಲಿಯ ಬಿಸಿಲೂ ಅದರಂತೆಯೇ ಇದ್ದು ನಾಲ್ಕಾರು ಡಿಗ್ರಿ ಹೆಚ್ಚಿರಬಹುದೆಂದು ಭಾವಿಸುವುದುಂಟು. ಆದರೆ ಆ ಭಾವನೆ ಸರಿಯಲ್ಲ. ಬಯಲುಸೀಮೆಯ ಬಿಸಿಲು ಒಣಬಿಸಿಲು. ಅಲ್ಲಿ ಬೆವರು ಮೈಮೇಲೆ ಮೂಡಿದೊಡನೆ ಆರುತ್ತದೆ, ಆರುವಾಗ ದೇಹದ ತಾಪವನ್ನು ಕೊಂಚ ಒಯ್ಯುತ್ತದೆ, ಬೇವಿನ ಮರದ ನೆರಳಿಗೆ ಸರಿದರೆ ಜೀವಕ್ಕೆ ಹಾಯೆನಿಸುತ್ತದೆ. ಕೊಲ್ಲಿಯ ದಡದಲ್ಲಿಯಾದರೋ, ಆಳವಿಲ್ಲದ ಆ ಸಮುದ್ರವು ಬೇಸಗೆಯುದ್ದಕ್ಕೂ ಕಾದು ಗಾಳಿಗೆ ಆವಿಯನ್ನು ತುಂಬುವುದರಿಂದ, ನಲವತ್ತು ಡಿಗ್ರಿಯನ್ನು ಮೀರಿದ ತಾಪಕ್ಕೆ ದಟ್ಟವಾದ ತೇವವೂ ಕೂಡಿಕೊಳ್ಳುತ್ತದೆ. ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ. ನೆರಳಿನಲ್ಲಿ ನಿಂತವನಿಗೂ ಬಿಸಿಲಿನಲ್ಲಿ ನಿಂತವನಿಗೂ ಅಂತರ ಕಡಿಮೆಯಾಗುತ್ತದೆ. ಮರುಭೂಮಿಯ ಒಳಭಾಗದಲ್ಲಿರುವ ಕುವೈತಿನ ಮಿತ್ರಿಬಾ ಎಂಬಲ್ಲಿ 2016ರ ಜುಲೈ 21ರಂದು ಅಳೆದ 53.9 ಡಿಗ್ರಿ ಸೆಲ್ಸಿಯಸ್ ತಾಪವನ್ನು ವಿಶ್ವ ಹವಾಮಾನ ಸಂಸ್ಥೆಯು ಪರಿಶೀಲಿಸಿ ಅಂಗೀಕರಿಸಿದೆ. ಆದರೆ ಅದಕ್ಕಿಂತಲೂ ಭಯ ಹುಟ್ಟಿಸುವ ಅಂಕಿ ಕಡಲತಡಿಯದು. ಸೌದಿ ಅರೇಬಿಯದ ದಹರಾನಿನಲ್ಲಿ 2003ರ ಜುಲೈ 8ರಂದು ಗಾಳಿಯಲ್ಲಿ ತೇವವು ಎಷ್ಟು ತುಂಬಿತ್ತೆಂದರೆ, 35 ಡಿಗ್ರಿ ಬಿಸಿಯಿರುವ ವಸ್ತುವಿನ ಮೇಲೂ ಅದು ಹನಿಗಟ್ಟಬಹುದಾಗಿತ್ತು. ಮನುಷ್ಯನ ಚರ್ಮದ ಬಿಸಿ ಸುಮಾರು ಅಷ್ಟೇ ಆದುದರಿಂದ, ಅಂಥ ಗಾಳಿಯಲ್ಲಿ ಬೆವರಿಗೆ ಆರುವ ದಾರಿಯೇ ಇಲ್ಲವಾಗುತ್ತದೆ. ಇಷ್ಟರ ಮೇಲೆ ರಾತ್ರಿಯೂ ಬಿಡುವು ಕೊಡುವುದಿಲ್ಲ. ದುಬೈಯಲ್ಲಿ ನಡುಬೇಸಗೆಯ ಇರುಳು ಅನೇಕ ವೇಳೆ ಮೂವತ್ತು ಡಿಗ್ರಿಗಿಂತ ಕೆಳಗಿಳಿಯದೆ ಬೆಳಗಾಗುತ್ತದೆ.

ಈ ಸೆಕೆಯನ್ನು ಆ ತೀರದ ಹಳೆಯ ಜನರು ಯಂತ್ರಸಹಾಯವಿಲ್ಲದೆ ಎದುರಿಸಿದ ಬಗೆ ಗೌರವಕ್ಕೆ ಅರ್ಹವಾದದ್ದು. ಬಡವರು ಖರ್ಜೂರದ ಗರಿಗಳನ್ನು ಹೆಣೆದು ಕಟ್ಟಿದ ಮನೆಗಳಲ್ಲಿದ್ದರು. ಸಂದುಗಳ ಮೂಲಕ ಕಡಲ ಗಾಳಿ ಒಳಗೆ ಸುಳಿದಾಡುತ್ತಿತ್ತು. ಇರಾನಿನ ಬಸ್ತಕ್ ಮೊದಲಾದ ಊರುಗಳಿಂದ ಬಂದು ನೆಲೆಸಿದ ವರ್ತಕರು ಹವಳದ ಕಲ್ಲು ಮತ್ತು ಜಿಪ್ಸಮ್ ಗಾರೆಯಿಂದ ಮನೆಗಳನ್ನು ಕಟ್ಟಿ, ಅವುಗಳ ಮೇಲೆ ಬರ್ಜೀಲ್ ಎಂಬ ಚೌಕಾಕಾರದ ಗಾಳಿಗೋಪುರಗಳನ್ನು ಎತ್ತಿದರು. ನಾಲ್ಕು ದಿಕ್ಕಿಗೂ ಬಾಯ್ದೆರೆದ ಆ ಗೋಪುರವು ಯಾವ ಕಡೆಯಿಂದ ಗಾಳಿ ಬೀಸಿದರೂ ಅದನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತಿತ್ತು. ದುಬೈಯ ಅಲ್ ಫಹೀದಿ ಕೇರಿಯಲ್ಲಿ ಅವುಗಳನ್ನು ಇಂದಿಗೂ ನೋಡಬಹುದು. ಬೇಸಗೆ ಬಂತೆಂದರೆ ಅನುಕೂಲವುಳ್ಳ ಕುಟುಂಬಗಳು ಕರಾವಳಿಯನ್ನು ಬಿಟ್ಟು ಅಲ್ ಐನ್, ಲಿವಾಗಳಂಥ ಓಯಸಿಸುಗಳ ಖರ್ಜೂರದ ತೋಟಗಳಿಗೆ ಹೋಗಿರುತ್ತಿದ್ದವು. ಗಂಡಸರಲ್ಲಿ ಬಹುಮಂದಿ ಮುತ್ತು ತೆಗೆಯುವ ಹಡಗುಗಳಲ್ಲಿ ತಿಂಗಳುಗಟ್ಟಲೆ ಕಡಲಿನ ಮೇಲಿರುತ್ತಿದ್ದರು. ಇದೆಲ್ಲದರ ಜೊತೆಗೆ ಅತಿಥಿಧರ್ಮವೊಂದಿತ್ತು. ಅಪರಿಚಿತನಾದರೂ ಮನೆಬಾಗಿಲಿಗೆ ಬಂದವನನ್ನು ಮೂರು ದಿನಗಳ ಪರ್ಯಂತ ಉಪಚರಿಸತಕ್ಕದ್ದೆಂಬ ಅರಬ್ಬರ ಸಂಪ್ರದಾಯವು ಇಂಥ ನೆಲದಲ್ಲಿ ಶಿಷ್ಟಾಚಾರ ಮಾತ್ರವಾಗಿರಲಿಲ್ಲ. ಗುಡಾರದ ನೆರಳನ್ನೂ ಚರ್ಮದ ಚೀಲದ ನೀರನ್ನೂ ನಿರಾಕರಿಸಿದರೆ ಬಂದವನು ಬದುಕುವುದೇ ಕಠಿನವಾಗುತ್ತಿತ್ತು.

ಏರ್ ಕಂಡೀಷನರ್ ಬಂದಮೇಲೆ ಈ ಸ್ಥಿತಿ ಬದಲಾಯಿತು. 1902ರಲ್ಲಿ ಅಮೆರಿಕದ ವಿಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ಕಾಗದವು ಗಾಳಿಯ ತೇವದಿಂದ ಹಿಗ್ಗದಿರಲೆಂದು ರೂಪಿಸಿದ ಯಂತ್ರವು, ಕಾಲಕ್ರಮದಲ್ಲಿ ಮನುಷ್ಯನ ಉಪಯೋಗಕ್ಕೆ ಬಂದು, ಎಣ್ಣೆಯ ಸಂಪತ್ತಿನೊಂದಿಗೆ ಕೊಲ್ಲಿಯ ಕರಾವಳಿಯನ್ನು ಹನ್ನೆರಡು ತಿಂಗಳೂ ದುಡಿಯುವ ಪ್ರದೇಶವನ್ನಾಗಿ ಮಾರ್ಪಡಿಸಿತು. ಅದರೊಂದಿಗೆ ಬೇರೊಂದು ಪರಿವರ್ತನೆಯೂ ಒದಗಿತು. ಗಾಳಿಯನ್ನು ಯಾರೂ ಮಾರುತ್ತಿರಲಿಲ್ಲ. ಗರಿಯ ಮನೆಯವನಿಗೂ ಗೋಪುರದ ಮನೆಯವನಿಗೂ ಅದರಲ್ಲಿ ಪಾಲಿತ್ತು. ತಂಪಾದರೋ ಇಂದು ವಿದ್ಯುತ್ತಿನಿಂದ ಹುಟ್ಟಿ ಹಣಕ್ಕೆ ದೊರೆಯುವ ಪದಾರ್ಥವಾಗಿದೆ. ಹಣಕ್ಕೆ ದೊರೆಯುವ ಪದಾರ್ಥವು ಪ್ರಾಣಕ್ಕೆ ಅವಶ್ಯಕವೂ ಆಗಿದ್ದರೆ, ಅದನ್ನು ಮಾರುವವನ ಮೇಲೆ ಸಾಮಾನ್ಯ ವ್ಯಾಪಾರಿಯ ಮೇಲಿರುವುದಕ್ಕಿಂತ ಹೆಚ್ಚಿನ ಹೊಣೆಯಿರತಕ್ಕದ್ದೆಂಬುದನ್ನು ಧರ್ಮಶಾಸ್ತ್ರವನ್ನು ಓದದವನೂ ಒಪ್ಪುವನು.

ದುಬೈಯ ದೇರಾ ಭಾಗದಲ್ಲಿ, ನಾಯಿಫ್, ಅಲ್ ರಿಗ್ಗಾ, ಬನಿಯಾಸ್ ಚೌಕಗಳ ಸುತ್ತಿನ ಬೀದಿಗಳಲ್ಲಿ, ಒಂದು ನಕ್ಷತ್ರದವೂ ಎರಡು ನಕ್ಷತ್ರದವೂ ಆದ ಹೋಟೆಲುಗಳು ಸಾಲುಸಾಲಾಗಿವೆ. ಖೋರ್ ಎಂದು ಕರೆಯುವ ಕಡಲ ಕಾಲುವೆಯು ಅಲ್ಲಿಂದ ಕೂಗಳತೆಯ ದೂರ. ಒಂದು ದಿರ್ಹಾಮು ಕೊಟ್ಟು ಅಬ್ರಾ ದೋಣಿಯನ್ನೇರಿದರೆ ಆಚೆ ದಡದ ಬರ್ ದುಬೈಗೂ, ಅಲ್ಲಿಂದ ಮುಂದೆ ನಮ್ಮವರ ದೋಸೆಯ ಹೋಟೆಲುಗಳಿರುವ ಕರಾಮಾಕ್ಕೂ ಹೋಗಬಹುದು. ಈ ಹೋಟೆಲುಗಳಲ್ಲಿ ಇಳಿದುಕೊಳ್ಳುವವರಲ್ಲಿ ವಿಹಾರಾರ್ಥಿಗಳು ಇದ್ದಾರಾದರೂ ಅವರಷ್ಟೇ ಇಲ್ಲ. ಜವಳಿ, ಬಿಡಿಭಾಗ, ಮೊಬೈಲುಗಳನ್ನು ಸಗಟು ಕೊಳ್ಳಲು ಆಫ್ರಿಕದಿಂದಲೂ ಮಧ್ಯ ಏಷ್ಯದಿಂದಲೂ ಬಂದ ಸಣ್ಣ ವರ್ತಕರು. ವಿಸಿಟ್ ವೀಸಾದ ಮೇಲೆ ಬಂದು, ಅದು ಮುಗಿಯುವುದರೊಳಗೆ ಕೆಲಸ ದೊರಕಿಸಿಕೊಳ್ಳಬೇಕೆಂದು ದಿನವನ್ನೆಣಿಸುತ್ತಿರುವ ತರುಣರು. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ಮಲಗಲು ಜಾಗವಿಲ್ಲದವರು. ಮಕ್ಕಳನ್ನು ನೋಡಲೆಂದು ಊರಿನಿಂದ ಬಂದ ತಂದೆತಾಯಿಗಳು: ಇವರೆಲ್ಲರ ಆಶ್ರಯಸ್ಥಾನ ಅದು. ಕಡೆಯವರ ವಿಷಯವನ್ನು ಕೊಂಚ ವಿವರಿಸಬೇಕಾಗಿದೆ. ಅಂಗಡಿಯಲ್ಲಿಯೋ ಅಡುಗೆಮನೆಯಲ್ಲಿಯೋ ದುಡಿಯುವ ಮಗನು ಅಲ್ಲಿ ಮನೆ ಹಿಡಿದಿರುವುದಿಲ್ಲ. ಬೆಡ್ ಸ್ಪೇಸ್ ಎಂದು ಹೇಳುವ ಏರ್ಪಾಡಿನಲ್ಲಿ, ಅನೇಕರಿರುವ ಕೋಣೆಯ ಒಂದು ಮಂಚದ ಬಾಡಿಗೆಯನ್ನು ಮಾತ್ರ ಅವನು ಕೊಡುತ್ತಿರುತ್ತಾನೆ. ಆ ಮಂಚದ ಮೇಲೆ ತಾಯಿಯನ್ನು ಮಲಗಿಸುವ ಹಾಗಿಲ್ಲ. ಆದುದರಿಂದ ವರ್ಷಗಟ್ಟಲೆ ಉಳಿಸಿದ ಹಣದಲ್ಲಿ ಆತನು ಅಗ್ಗದ ಹೋಟೆಲಿನ ಕೋಣೆಯೊಂದನ್ನು ಹಿಡಿದು, ಕೆಲವು ದಿನಗಳ ಮಟ್ಟಿಗೆ ಅದನ್ನೇ ತನ್ನ ಮನೆಯೆಂದು ಹೆತ್ತವರಿಗೆ ತೋರಿಸುತ್ತಾನೆ.

ಕನ್ನಡ ಕರಾವಳಿಗೂ ಆ ತೀರಕ್ಕೂ ಇರುವ ನಂಟು ನಿನ್ನೆಯದಲ್ಲ. ಮುಂಬಯಿಯಿಂದ ಹೊರಟು ಕೊಲ್ಲಿಯ ಬಂದರುಗಳನ್ನು ಮುಟ್ಟುತ್ತಿದ್ದ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳ ಡೆಕ್ಕಿನ ಮೇಲೆ ಹಾಸಿಕೊಂಡು ಹೋದವರ ಮೊಮ್ಮಕ್ಕಳು ಇಂದು ವಿಮಾನದಲ್ಲಿ ಹೋಗುತ್ತಿದ್ದಾರೆ. ಒಂದು ಕಾಲಕ್ಕೆ ಅಲ್ಲಿ ಚಲಾವಣೆಯಲ್ಲಿದ್ದುದು ನಮ್ಮ ರೂಪಾಯಿಯೇ. 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಯ ನಾಡುಗಳಿಗಾಗಿಯೇ ಪ್ರತ್ಯೇಕ ನೋಟುಗಳನ್ನು ಹೊರಡಿಸಿತ್ತು. 1966ರ ಅಪಮೌಲ್ಯದ ನಂತರ ದುಬೈಯೂ ಅದರ ನೆರೆಯ ನಾಡುಗಳೂ ಅದನ್ನು ಕೈಬಿಟ್ಟವು. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಹೊರಟಂದಿನಿಂದ ಕುಂದಾಪುರ, ಭಟ್ಕಳ, ಪುತ್ತೂರುಗಳ ವೃದ್ಧರಿಗೂ ಈ ಪ್ರಯಾಣ ಸುಲಭವಾಯಿತು. ಆದಕಾರಣ ದೇರಾದ ಅಗ್ಗದ ಕೋಣೆಯ ವಿಚಾರವು ನಮ್ಮ ಸಾವಿರಾರು ಮನೆಗಳಿಗೆ ತಟ್ಟತಕ್ಕ ವಿಚಾರವೇ ಆಗಿದೆ.

ಇಂಥ ಕೋಣೆಯೊಂದರಲ್ಲಿ ಬೇಸಗೆಯ ಕೆಲವು ದಿನಗಳನ್ನು ಕಳೆದ ನನಗೆ ಅದರ ವಿವರಗಳು ಕಣ್ಣಿಗೆ ಕಟ್ಟಿದಂತಿವೆ. ಎರಡು ಒಂಟಿಮಂಚಗಳು, ಅವುಗಳ ನಡುವೆ ಒಬ್ಬನು ಮಾತ್ರ ನಿಲ್ಲಬಹುದಾದ ಜಾಗ, ಚಾವಣಿಯ ಮೂಲೆಯಲ್ಲಿ ಮೆಕ್ಕಾದ ದಿಕ್ಕನ್ನು ತೋರಿಸುವ ಹಸುರು ಬಾಣ, ಮೇಜಿನ ಕೆಳಗೆ ಸದಾ ಗುಂಯ್‌ಗುಡುವ ಸಣ್ಣ ಫ್ರಿಜ್, ದಪ್ಪನೆಯ ಪರದೆಯನ್ನು ಸರಿಸಿದರೆ ಕಟ್ಟಡದ ನಡುವಿನ ಗಾಳಿಬಾವಿ, ಅದರ ಗೋಡೆಯುದ್ದಕ್ಕೂ ಅಂತಸ್ತಿಗೆ ನಾಲ್ಕೈದರಂತೆ ಎಸಿಯ ಕಂಪ್ರೆಸರುಗಳು. ಮೊದಲನೆಯ ದಿನ ಸ್ನಾನಕ್ಕೆಂದು ತಣ್ಣೀರಿನ ನಲ್ಲಿಯನ್ನು ತಿರುಗಿಸಿದಾಗ ಬಂದದ್ದು ಕೈಯಿಡಲಾಗದಷ್ಟು ಬಿಸಿಯಾದ ನೀರು. ಮಹಡಿಯ ಮೇಲಿನ ತೊಟ್ಟಿಯು ದಿನವೆಲ್ಲ ಬಿಸಿಲಿಗೆ ಮೈಯೊಡ್ಡಿರುವುದೇ ಅದಕ್ಕೆ ಕಾರಣ. ಕೋಣೆ ಒರೆಸಲು ಬಂದ ನೇಪಾಳದ ಹುಡುಗನು ಅದಕ್ಕೆ ಉಪಾಯವನ್ನು ತೋರಿಸಿಕೊಟ್ಟನು. ಬಚ್ಚಲಿನ ಗೀಸರಿನ ಸ್ವಿಚ್ಚನ್ನು ಆರಿಸಿಬಿಡಬೇಕು. ಗೀಸರು ಎಸಿಯ ತಂಪಿರುವ ಕೋಣೆಯೊಳಗೆ ಇರುವುದರಿಂದ ಅದರಲ್ಲಿ ನಿಂತ ನೀರು ಕೆಲವು ಗಂಟೆಗಳಲ್ಲಿ ಆರಿ ಹದವಾಗುತ್ತದೆ. ಆಮೇಲೆ ಬಿಸಿನೀರಿನ ನಲ್ಲಿಯಿಂದ ತಣ್ಣೀರನ್ನೂ ತಣ್ಣೀರಿನ ನಲ್ಲಿಯಿಂದ ಬಿಸಿನೀರನ್ನೂ ಬೆರೆಸಿಕೊಂಡು ಮೀಯಬಹುದು. ಆ ಊರಿನ ಮನೆಮನೆಯಲ್ಲಿಯೂ ಬೇಸಗೆಯಲ್ಲಿ ಹೀಗೆಯೇ ಮಾಡುತ್ತಾರೆಂದು ಅನಂತರ ತಿಳಿಯಿತು. ಯಂತ್ರವು ಕೈಕೊಟ್ಟಲ್ಲಿ ಜನರ ಬುದ್ಧಿ ದಾರಿಯನ್ನು ಕಂಡುಕೊಳ್ಳುವುದಕ್ಕೆ ಇದು ಸೊಗಸಾದ ನಿದರ್ಶನವೇ ಸರಿ. ಆದರೆ ಎಸಿಯು ನಿಂತರೆ ಈ ಉಪಾಯವೂ ನಿಲ್ಲುವುದೆಂಬುದನ್ನೂ, ಆ ಕೋಣೆಯ ಬಾಳೆಲ್ಲವೂ ಒಂದೇ ಯಂತ್ರಕ್ಕೆ ತೂಗುಬಿದ್ದಿದೆಯೆಂಬುದನ್ನೂ ಇದು ತೋರಿಸುತ್ತದೆ.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಈ ಹೋಟೆಲುಗಳು ಸಣ್ಣ ಕೆಲಸವನ್ನು ಮಾಡುತ್ತಿಲ್ಲ. ಬೇಸಗೆಯಲ್ಲಿ ಪ್ರವಾಸಿಗಳು ಕಡಿಮೆಯಾಗಿ ಬಾಡಿಗೆಯು ಇಳಿದಾಗ, ಸಾಧಾರಣ ವರಮಾನದವನೂ ಅಲ್ಲಿ ಬಾಗಿಲು ಹಾಕಿಕೊಂಡು ತಂಪಿನಲ್ಲಿ ಮಲಗಬಲ್ಲನು; ಇಷ್ಟು ಸುಡುವ ನೆಲದಲ್ಲಿ ಇಷ್ಟು ಜನರಿಗೆ, ಇಷ್ಟು ಭಾಷೆಗಳವರಿಗೆ, ರಾತ್ರಿಯ ಯಾವ ಜಾವದಲ್ಲಿ ಬಂದರೂ ಬಾಗಿಲು ತೆರೆದಿಡುವುದು ಮೆಚ್ಚತಕ್ಕ ಸೇವೆ. ನನ್ನ ಆಕ್ಷೇಪಣೆಯು ಅವರ ಹಾಸಿಗೆಯ ಮೇಲಲ್ಲ, ಅವರ ಗಡಿಯಾರದ ಮೇಲೆ. ಬಹುತೇಕ ಎಲ್ಲ ಹೋಟೆಲುಗಳಲ್ಲಿಯೂ ಚೆಕ್-ಔಟ್ ಮಧ್ಯಾಹ್ನ ಹನ್ನೆರಡು ಗಂಟೆಗೆ, ಚೆಕ್-ಇನ್ ಎರಡು ಅಥವಾ ಮೂರು ಗಂಟೆಗೆ. ಹೋಗುವ ಅತಿಥಿಯು ಸೂರ್ಯನು ನೆತ್ತಿಯ ಮೇಲಿರುವಾಗ ಬೀದಿಗಿಳಿಯಬೇಕು. ಬರುವ ಅತಿಥಿಯು, ಆತನ ವಿಮಾನವು ನಡುರಾತ್ರಿಯಲ್ಲಿಯೋ ನಸುಕಿನಲ್ಲಿಯೋ ಇಳಿದಿದ್ದರೂ, ಹಗಲಿನ ಅತ್ಯಂತ ಕ್ರೂರವಾದ ಹೊತ್ತು ಕಳೆಯುವವರೆಗೆ ಕೋಣೆಯ ಹೊರಗಿರಬೇಕು. ಶೀತಲವಾದ ದೇಶಗಳಲ್ಲಿ ಹೊಂದಿಬಂದ ಈ ವಾಡಿಕೆಯು ಒಂದಿಷ್ಟೂ ಬದಲಾಗದೆ ಉಷ್ಣದೇಶದ ನಡುಬೇಸಗೆಯಲ್ಲಿಯೂ ನಡೆಯುತ್ತಿದೆ.

ಒಂದು ದಿನ ಬೆಳಗ್ಗೆ ಹೋಟೆಲಿನ ಲಾಬಿಯಲ್ಲಿ ಕುಂದಾಪುರದ ಕಡೆಯ ವೃದ್ಧ ದಂಪತಿಗಳನ್ನು ಕಂಡೆನು. ಪಕ್ಕದಲ್ಲಿ ನೈಲಾನ್ ಹಗ್ಗದಿಂದ ಬಿಗಿದ ಎರಡು ರಟ್ಟಿನ ಪೆಟ್ಟಿಗೆಗಳು. ಒಂದರಲ್ಲಿ ಮಗನಿಗೆಂದು ತಂದ ಕುಚ್ಚಲಕ್ಕಿ, ಇನ್ನೊಂದರಲ್ಲಿ ಹಪ್ಪಳವೂ ಮಾವಿನಮಿಡಿಯ ಉಪ್ಪಿನಕಾಯಿಯೂ. ಮಗನು ವಿಮಾನನಿಲ್ದಾಣದಿಂದ ಅವರನ್ನು ಕರೆತಂದು ಅಲ್ಲಿ ಕುಳ್ಳಿರಿಸಿ ಡ್ಯೂಟಿಗೆ ಹೋಗಿದ್ದನು. ನಾನು ಕನ್ನಡದಲ್ಲಿ ಮಾತಾಡಿಸಿದಾಗ ಹಿರಿಯರು, “ರೂಮು ಮೂರು ಗಂಟೆಗಂತೆ ಮಾರಾಯ್ರೇ. ಇವಳಿಗೆ ಬೀಪಿ ಉಂಟು, ಸ್ವಲ್ಪ ಅಡ್ಡ ಆಗಬೇಕಿತ್ತು. ಹೊರಗೆ ಹೋದರೆ ಈ ಸೆಕೆ. ಇಲ್ಲೇ ಕೂತರೆ ಇವರು ಎಂಥ ಹೇಳ್ತಾರೋ ಅಂತ ಹೆದರಿಕೆ. ಎಂಥ ಮಾಡುವುದು ಹೇಳಿ?” ಎಂದರು. ರಿಸೆಪ್ಷನಿನ ಹೆಣ್ಣುಮಗಳು ಒರಟಾಗಿ ವರ್ತಿಸಲಿಲ್ಲ. ಬೇಗ ಕೋಣೆ ಬೇಕಾದರೆ ಅರ್ಧ ದಿನದ ಬಾಡಿಗೆಯನ್ನು ಹೆಚ್ಚಿಗೆ ಕೊಡಬೇಕೆಂಬ ನಿಯಮವನ್ನು ಆಕೆ ವಿನಯದಿಂದಲೇ ತಿಳಿಸಿದಳು. ಆಕೆಯ ಹಿಂದಿನ ಹಲಗೆಯ ಮೇಲೆ ಅರ್ಧಕ್ಕೂ ಹೆಚ್ಚು ಕೀಲಿಗಳು ತೂಗುತ್ತಿದ್ದವು. ಕೋಣೆಗಳು ಖಾಲಿಯಿದ್ದವು, ಅವುಗಳ ಅಗತ್ಯವುಳ್ಳವರು ಎದುರಿಗೇ ಕುಳಿತಿದ್ದರು, ಎರಡರ ನಡುವೆ ನಿಂತಿದ್ದುದು ಒಂದು ವಾಡಿಕೆ ಮಾತ್ರ.

ಆ ದೇಶದ ಕಾನೂನನ್ನೇ ಈ ವಾಡಿಕೆಯ ಪಕ್ಕದಲ್ಲಿಟ್ಟು ನೋಡಿದರೆ ಅಸಾಂಗತ್ಯವು ಸ್ಪಷ್ಟವಾಗುತ್ತದೆ. ಸಂಯುಕ್ತ ಅರಬ್ ಎಮಿರೇಟಿನಲ್ಲಿ ಪ್ರತಿವರ್ಷ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ, ನೇರವಾದ ಬಿಸಿಲಿನಲ್ಲಿ ಹೊರಗಿನ ಕೆಲಸವನ್ನು ಮಾಡಿಸಕೂಡದೆಂಬ ನಿಷೇಧವಿದೆ. ಕತಾರಿನಲ್ಲಿ 2021ರಿಂದ ಈಚೆಗೆ ಜೂನ್ 1ರಿಂದಲೇ, ಬೆಳಗ್ಗೆ 10ರಿಂದ 3.30ರವರೆಗೆ, ಇಂಥದೇ ನಿಯಮವಿದೆ. ಸೌದಿ ಅರೇಬಿಯ, ಕುವೈತ್, ಬಹರೈನ್, ಒಮಾನುಗಳಲ್ಲಿಯೂ ತಮ್ಮ ತಮ್ಮ ಹೊತ್ತಿನ ಮಿತಿಗಳಿವೆ. ಗಟ್ಟಿಮುಟ್ಟಾದ ಪ್ರಾಯದ ಕಾರ್ಮಿಕನ ದೇಹಕ್ಕೂ ಆ ಹೊತ್ತಿನ ಬಿಸಿಲು ಅಪಾಯಕರವೆಂಬ ವಿವೇಕದಿಂದ ಸರಕಾರಗಳು ಮಾಡಿದ ನಿಯಮವಿದು. ಅದೇ ಹೊತ್ತಿನಲ್ಲಿ, ಹನ್ನೆರಡು ಗಂಟೆಯಿಂದ ಮೂರು ಗಂಟೆಯ ನಡುವೆ, ಹೋಟೆಲಿನ ಗಡಿಯಾರವು ಎಪ್ಪತ್ತು ವರ್ಷದ ಅತಿಥಿಯನ್ನು ಪೆಟ್ಟಿಗೆಸಮೇತ ಹೊರಗಿಡುತ್ತದೆ. ಕಾನೂನು ಯಾರಿಗೂ ತಗುಲದಿರಲೆಂದ ಬಿಸಿಲನ್ನು ವಾಡಿಕೆಯು ಅತಿಥಿಯ ಪಾಲಿಗೆ ಹಾಕಿಕೊಡುವುದಾದರೆ, ತಿದ್ದಬೇಕಾದದ್ದು ವಾಡಿಕೆಯಲ್ಲದೆ ಬೇರಾವುದು? ದುಬೈ ನಗರವು ಬಸ್ಸಿಗೆ ಕಾಯುವವರಿಗಾಗಿ ಎಸಿ ತಂಗುದಾಣಗಳನ್ನು ಕಟ್ಟಿದೆ. ಊಟ ತಲಪಿಸುವ ಬೈಕ್ ಸವಾರರಿಗಾಗಿ ವಿಶ್ರಾಂತಿಯ ಕೊಠಡಿಗಳನ್ನು ನಿರ್ಮಿಸಿದೆ. ಬೇಸಗೆಯಲ್ಲಿ ತಂಪೆಂಬುದು ಸುಖದ ಪದಾರ್ಥವಲ್ಲ, ಸಾರ್ವಜನಿಕವಾದ ಅವಶ್ಯಕತೆಯೆಂಬ ತತ್ತ್ವವನ್ನು ಆ ನಗರವೇ ಅಂಗೀಕರಿಸಿದೆಯಾದುದರಿಂದ, ನಾವು ಹೊಸ ತತ್ತ್ವವನ್ನೇನೂ ಬೇಡುತ್ತಿಲ್ಲ. ಒಪ್ಪಿದ ತತ್ತ್ವವನ್ನು ಹೋಟೆಲಿನ ಹೊಸ್ತಿಲಿಗೂ ವಿಸ್ತರಿಸಿರೆಂದು ಕೇಳುತ್ತಿದ್ದೇವೆ.

ಇದಕ್ಕೆ ತಕ್ಕ ಪರಿಹಾರವು ನಮ್ಮ ನಾಡಿನ ಸಾಮಾನ್ಯವಾದ ಲಾಡ್ಜುಗಳಲ್ಲಿಯೇ ಇದೆ. ಹುಬ್ಬಳ್ಳಿಯಲ್ಲಿಯೋ ಶಿವಮೊಗ್ಗದಲ್ಲಿಯೋ ಬಸ್ ನಿಲ್ದಾಣದ ಎದುರಿನ ಲಾಡ್ಜಿಗೆ ಹೋದವನು, ಗೋಡೆಯ ಮೇಲೆ ‘24 ಗಂಟೆ ಚೆಕ್-ಔಟ್’ ಎಂದು ಬರೆದಿರುವುದನ್ನು ಅನೇಕ ಕಡೆ ಕಾಣುವನು. ಬೆಳಗಿನ ಐದಕ್ಕೆ ಬಂದವನಿಗೆ ಮರುದಿನ ಬೆಳಗಿನ ಐದರವರೆಗೆ ಕೋಣೆ. ರಾತ್ರಿ ಹತ್ತಕ್ಕೆ ಬಂದವನಿಗೆ ಮರುದಿನ ರಾತ್ರಿ ಹತ್ತರವರೆಗೆ. ರಾತ್ರಿಬಸ್ಸಿನ ಪ್ರಯಾಣಿಕನ ಕಷ್ಟವನ್ನು ಬಲ್ಲವರು ರೂಢಿಸಿದ ಈ ಲೆಕ್ಕದಲ್ಲಿ, ದಿನವು ಅತಿಥಿಯು ಬಂದ ಗಳಿಗೆಯಿಂದ ಆರಂಭವಾಗುತ್ತದೆಯೇ ಹೊರತು ಯಜಮಾನನ ಅನುಕೂಲದಿಂದಲ್ಲ. ಕೊಲ್ಲಿಯ ಅಗ್ಗದ ಹೋಟೆಲುಗಳು ವರ್ಷವಿಡೀ ಹೀಗೆ ನಡೆಯಬೇಕೆಂದು ನಾನು ಹೇಳುವುದಿಲ್ಲ. ಮಧ್ಯಾಹ್ನದ ಕೆಲಸಕ್ಕೆ ನಿಷೇಧವಿರುವ ಆ ಮೂರು ತಿಂಗಳಲ್ಲಿ ಮಾತ್ರವಾದರೂ ಈ ಲೆಕ್ಕವನ್ನು ಅನುಸರಿಸಲಿ. ಅದೂ ಆಗದಿದ್ದಲ್ಲಿ, ಹನ್ನೆರಡರಿಂದ ನಾಲ್ಕು ಗಂಟೆಯ ನಡುವೆ ಯಾವ ಅತಿಥಿಯನ್ನೂ ಕೋಣೆಯಿಂದ ಎಬ್ಬಿಸದಿರುವ, ನಸುಕಿನಲ್ಲಿ ಬಂದವನಿಗೆ ಖಾಲಿಯಿರುವ ಕೋಣೆಯನ್ನು ಹೆಚ್ಚಿನ ಹಣ ಕೇಳದೆ ತೆರೆದುಕೊಡುವ ಕಟ್ಟಳೆಯೊಂದನ್ನು ಮಾಡಲಿ.

ಇದಕ್ಕೆ ಬರಬಹುದಾದ ಮೊದಲನೆಯ ಆಕ್ಷೇಪಣೆ, ಕೋಣೆಯನ್ನು ಗುಡಿಸಿ ಒರೆಸಿ ಹಾಸಿಗೆ ಬದಲಿಸಲು ನಡುವೆ ಎರಡು ಗಂಟೆಯ ಹೊತ್ತು ಬೇಡವೆ ಎಂಬುದು. ಬೇಕು, ನಿಜ. ಆದರೆ ಒಂದೇ ಹೊತ್ತಿಗೆ ಎಲ್ಲ ಕೋಣೆಗಳೂ ತೆರವಾಗಿ ಒಂದೇ ಹೊತ್ತಿಗೆ ಎಲ್ಲವೂ ತುಂಬುವುದು ಚಳಿಗಾಲದ ಜನಸಂದಣಿಯ ಕತೆ; ಬೇಸಗೆಯಲ್ಲಿ ಗಿರಾಕಿಗಳಿಲ್ಲವೆಂದೇ ಬಾಡಿಗೆಯನ್ನು ಇಳಿಸುವ ಹೋಟೆಲು, ಖಾಲಿ ಕೋಣೆಯಿಲ್ಲವೆಂಬ ನೆಪವನ್ನು ಹೇಗೆ ಮುಂದೊಡ್ಡಬಲ್ಲುದು? ಕಟ್ಟುನಿಟ್ಟಿಗೆ ಕಾರಣವು ಅತ್ಯಂತ ಕಡಿಮೆಯಾಗಿರುವ ಕಾಲ ಯಾವುದೋ, ಅದರಿಂದ ಅತ್ಯಂತ ಹೆಚ್ಚು ಕಷ್ಟವಾಗುವ ಕಾಲವೂ ಅದೇ. ಎರಡನೆಯ ಆಕ್ಷೇಪಣೆ ಇನ್ನೂ ನೇರವಾದದ್ದು: ಸೌಕರ್ಯ ಬೇಕಾದವನು ಹೆಚ್ಚು ಹಣ ತೆತ್ತು ದೊಡ್ಡ ಹೋಟೆಲಿಗೆ ಹೋಗಲಿ. ಈಜುಕೊಳ ಬೇಕಾದವನಿಗೆ, ಕಡಲಿನ ನೋಟ ಬೇಕಾದವನಿಗೆ ಈ ಉತ್ತರ ಸಾಕು. ಆದರೆ ಕುಡಿಯುವ ನೀರು ಬೇಕಾದವನಿಗೆ ಹೀಗೆ ಹೇಳಲಾಗದಷ್ಟೆ. ನಮ್ಮ ಹಿರಿಯರು ಬೇಸಗೆಯಲ್ಲಿ ದಾರಿಬದಿಯ ಅರವಟ್ಟಿಗೆಗಳನ್ನು ಇಟ್ಟಾಗ, ಬಂದವನ ಚೀಲದಲ್ಲಿ ಎಷ್ಟಿದೆಯೆಂದು ನೋಡಿ ನೀರುಮಜ್ಜಿಗೆ ಕೊಡಲಿಲ್ಲ. ಹೋಟೆಲು ಧರ್ಮಛತ್ರವಲ್ಲ, ಅದು ಲಾಭಕ್ಕಾಗಿ ನಡೆಯುವ ಉದ್ಯಮವೆಂಬುದನ್ನು ನಾನು ಬಲ್ಲೆ. ಲಾಭವನ್ನು ಹಾಸಿಗೆಯ ದಪ್ಪದಲ್ಲಿ, ಉಪಾಹಾರದ ಬಗೆಗಳಲ್ಲಿ, ಕೋಣೆಯ ವಿಸ್ತಾರದಲ್ಲಿ ಹುಡುಕಲು ಅದಕ್ಕೆ ಪೂರ್ಣವಾದ ಸ್ವಾತಂತ್ರ್ಯವಿರಲಿ; ನಡುಹಗಲಿನ ತಂಪಿನಲ್ಲಿ ಮಾತ್ರ ಅದನ್ನು ಹುಡುಕದಿರಲಿ.

ಬಾಡಿಗೆಯ ಲೆಕ್ಕದ ಬಗ್ಗೆಯೂ ಒಂದು ಮಾತು. ಮುಂಗಡವಾಗಿ ಗೊತ್ತುಮಾಡುವಾಗ ಕಾಣುವ ಮೊತ್ತವೇ ಒಂದು, ಹೋದಮೇಲೆ ತೆರಬೇಕಾದದ್ದೇ ಇನ್ನೊಂದು ಆಗುವುದುಂಟು. 2014ರಿಂದ ದುಬೈಯಲ್ಲಿ ‘ಟೂರಿಸಂ ದಿರ್ಹಾಮ್’ ಎಂಬ ಶುಲ್ಕವನ್ನು ಒಂದು ಕೋಣೆಗೆ ರಾತ್ರಿಯೊಂದಕ್ಕೆ ಹೋಟೆಲಿನ ದರ್ಜೆಗೆ ತಕ್ಕಂತೆ 7ರಿಂದ 20 ದಿರ್ಹಾಮಿನವರೆಗೆ ವಿಧಿಸಲಾಗುತ್ತಿದೆ. 2018ರಿಂದ ಶೇಕಡ 5ರ ವ್ಯಾಟ್ ತೆರಿಗೆಯೂ ಇದೆ. ನಗರಸಭೆಯ ಶುಲ್ಕ, ಸೇವಾಶುಲ್ಕಗಳು ಬೇರೆ. ಕೋಣೆಗೆ ಹೋಗುವ ಮುನ್ನ ಡಿಪಾಜಿಟ್ಟನ್ನು ಇರಿಸಬೇಕಾದ ಕಡೆಗಳೂ ಉಂಟು. ಉಳ್ಳವನಿಗೆ ಇವು ಗಮನಕ್ಕೂ ಬಾರದ ಮೊತ್ತಗಳು. ಎಣಿಸಿಟ್ಟ ಹಣದೊಡನೆ ಬಂದವನಿಗೆ ಇವು ಒಂದು ದಿನದ ಊಟವನ್ನು ಕಸಿಯುತ್ತವೆ. ಎಲ್ಲವನ್ನೂ ಸೇರಿಸಿದ ಒಂದೇ ಬೆಲೆಯನ್ನು ಮೊದಲೇ ಹೇಳುವುದು ವ್ಯಾಪಾರದ ಪ್ರಾಮಾಣಿಕತೆಗೂ ಒಪ್ಪುವ ಮಾರ್ಗ.

ಅತಿಥಿಯ ತಂಪನ್ನು ಕುರಿತು ಇಷ್ಟು ಹೇಳಿದಮೇಲೆ, ಆ ತಂಪನ್ನು ನಮಗೆ ಒದಗಿಸುವವರ ತಂಪನ್ನು ಕುರಿತು ಹೇಳದಿದ್ದರೆ ಮಾತು ಸ್ವಾರ್ಥವಾಗುತ್ತದೆ. ಎಸಿಯು ತಾಪವನ್ನು ನಾಶಮಾಡುವುದಿಲ್ಲ. ಕೋಣೆಯೊಳಗಿನದನ್ನು ಹೀರಿ ಹೊರಗೆ ಚೆಲ್ಲುತ್ತದೆ, ಯಂತ್ರವು ಓಡುವ ಬಿಸಿಯೂ ಅದಕ್ಕೆ ಕೂಡುತ್ತದೆ. ನಾಯಿಫಿನ ಇಕ್ಕಟ್ಟಾದ ಗಲ್ಲಿಯಲ್ಲಿ ನಡೆಯುವವನ ಮುಖಕ್ಕೆ ಕಂಪ್ರೆಸರುಗಳ ಉಸಿರು ರಾಚುತ್ತದೆ. ಮಹಡಿಯ ಮೇಲೆ ಕೆಟ್ಟ ಎಸಿಯನ್ನು ಸರಿಪಡಿಸುವ ಮೆಕ್ಯಾನಿಕ್ಕು, ನೆಲಮಾಳಿಗೆಯಲ್ಲಿ ಹಾಸುಹೊದಿಕೆಗಳನ್ನು ಇಸ್ತ್ರಿ ಮಾಡುವವನು, ಒಲೆಯ ಮುಂದೆ ನಿಂತ ಅಡುಗೆಯವನು, ದಿನಕ್ಕೆ ಹತ್ತಾರು ಕೋಣೆಗಳನ್ನು ಒರೆಸುವ ರೂಮ್ ಬಾಯ್, ಇವರ ದುಡಿಮೆಯ ಫಲವನ್ನು ನಾವು ಹೊದ್ದು ಮಲಗುತ್ತೇವೆ. ಮಧ್ಯಾಹ್ನದ ನಿಷೇಧವು ಬಯಲಿನ ಕೆಲಸಕ್ಕೆ ಅನ್ವಯಿಸುತ್ತದೆ. ಇಸ್ತ್ರಿಯ ಕೋಣೆಯ ಆವಿಗೂ ಅಡುಗೆಮನೆಯ ಬೇಗೆಗೂ ಅದರಲ್ಲಿ ಹೆಸರಿಲ್ಲ. ನನಗೆ ಗೀಸರಿನ ಗುಟ್ಟನ್ನು ಹೇಳಿಕೊಟ್ಟ ಹುಡುಗನು, ಕೆಲಸ ಮುಗಿಸಿ ತಾನು ಮಲಗುವ ಕೋಣೆಯಲ್ಲಿ ಎಂಟು ಜನರಿಗೆ ಒಂದೇ ಎಸಿಯಿದೆಯೆಂದೂ ಅದು ಮೂಲೆಯ ಮಂಚದವರೆಗೆ ಮುಟ್ಟುವುದಿಲ್ಲವೆಂದೂ, ದೂರಿನ ಧಾಟಿಯಿಲ್ಲದೆ, ಹವೆಯ ವಿಚಾರವನ್ನು ಹೇಳುವಂತೆ ಹೇಳಿದನು. ಅತಿಥಿಗಳೂ ತಮ್ಮ ಪಾಲಿನ ಸಂಯಮವನ್ನು ತೋರಬೇಕು. ಹದಿನೆಂಟಕ್ಕೆ ಇಳಿಸಿ ಕಂಬಳಿ ಹೊದೆಯುವುದಕ್ಕಿಂತ ಇಪ್ಪತ್ತನಾಲ್ಕರಲ್ಲಿ ಇಟ್ಟು ನೆಮ್ಮದಿಯಾಗಿರುವುದು ದೇಹಕ್ಕೂ ಹಿತ, ಗಲ್ಲಿಯಲ್ಲಿ ನಡೆಯುವವನಿಗೂ ಹಿತ. ನಮ್ಮ ದೇಶದಲ್ಲಿಯೂ 2020ರಿಂದ ಹೊಸ ಎಸಿಗಳು 24 ಡಿಗ್ರಿಯ ಮೊದಲ ಅಳವಡಿಕೆಯೊಡನೆಯೇ ಬರಬೇಕೆಂಬ ನಿಯಮವಿದೆ.

ಇನ್ನು ನಮ್ಮ ಕರ್ತವ್ಯವೇನು? ಅನ್ಯದೇಶದ ಹೋಟೆಲಿಗೆ ಕಟ್ಟಳೆ ಮಾಡುವ ಅಧಿಕಾರ ನಮಗಿಲ್ಲವೆಂಬುದು ನಿಜ. ಆದರೆ ಗಿರಾಕಿಯ ಮಾತಿಗೆ ವ್ಯಾಪಾರದಲ್ಲಿ ಬೆಲೆಯಿದೆ. ಟಿಕೆಟ್ಟನ್ನೂ ವೀಸಾವನ್ನೂ ಕೋಣೆಯನ್ನೂ ಒಟ್ಟಿಗೆ ಗೊತ್ತುಮಾಡಿಕೊಡುವ ಮಂಗಳೂರು, ಉಡುಪಿ, ಬೆಂಗಳೂರುಗಳ ಟ್ರಾವೆಲ್ ಏಜೆಂಟರು, ಬೇಸಗೆಯಲ್ಲಿ ವಯಸ್ಸಾದವರನ್ನು ಕಳುಹಿಸುವಾಗ, ಬಂದ ಕೂಡಲೇ ಕೋಣೆ ದೊರೆಯುವುದೆಂದು ಹೋಟೆಲಿನಿಂದ ಬರೆಸಿಕೊಳ್ಳುವುದನ್ನು ಪದ್ಧತಿಯಾಗಿ ಮಾಡಿಕೊಳ್ಳಬಹುದು. ಬರೆದುಕೊಡದ ಹೋಟೆಲಿಗೆ ಗಿರಾಕಿಯನ್ನು ಕಳುಹಿಸದಿರಬಹುದು. ಕೊಲ್ಲಿಯ ನಾಡುಗಳಲ್ಲಿ ರಾಜ್ಯೋತ್ಸವಗಳನ್ನು ಸಂಭ್ರಮದಿಂದ ನಡೆಸುವ ಕನ್ನಡ ಸಂಘಗಳು, ಅಂಥ ಹೋಟೆಲುಗಳ ಪಟ್ಟಿಯನ್ನು ಇಟ್ಟುಕೊಂಡು ಹೊಸದಾಗಿ ಬರುವವರಿಗೆ ತಿಳಿಸಬಹುದು. ಅದು ಉತ್ಸವಕ್ಕಿಂತ ಕಡಿಮೆಯಾದ ನಾಡಸೇವೆಯಲ್ಲ. ಅಲ್ಲಿ ಹೋಟೆಲು ಉದ್ಯಮವನ್ನು ನಡೆಸುತ್ತಿರುವ ನಮ್ಮವರೂ ಇದ್ದಾರೆ. 24 ಗಂಟೆಯ ಲೆಕ್ಕವು ಅವರಿಗೆ ಊರಿನಿಂದಲೇ ಪರಿಚಿತವಾದದ್ದರಿಂದ, ಮೊದಲ ಹೆಜ್ಜೆಯನ್ನು ಅವರಿಂದಲೇ ನಿರೀಕ್ಷಿಸುವುದು ಅನುಚಿತವಲ್ಲ. ನಮ್ಮ ನಾಡಿನ ಹೊಸ ಹೋಟೆಲುಗಳು ಹಳೆಯ ಲಾಡ್ಜಿನ ಪದ್ಧತಿಯನ್ನು ಕೈಬಿಟ್ಟು ಹನ್ನೆರಡರ ಗಡಿಯಾರಕ್ಕೆ ಹೊರಳುತ್ತಿರುವಾಗ, ಕಲಬುರಗಿಯ ಮೇ ತಿಂಗಳನ್ನು ಬಲ್ಲ ನಾವು ಆ ಪದ್ಧತಿಯ ಗುಣವನ್ನು ನಮ್ಮಲ್ಲಿಯೂ ಉಳಿಸಿಕೊಳ್ಳುವುದು ಅಗತ್ಯ.

ಭೂಮಿಯ ತಾಪವು ಏರುತ್ತಿರುವ ಈ ಕಾಲದಲ್ಲಿ, ಇಂದು ಕೊಲ್ಲಿಯ ದಡದಲ್ಲಿ ಕೇಳುವ ಪ್ರಶ್ನೆಯನ್ನು ನಾಳೆ ಅನೇಕ ನಗರಗಳಲ್ಲಿ ಕೇಳಬೇಕಾದೀತು. ಬಾಡಿಗೆ ಕಡಿಮೆಯಾದರೆ ಕೋಣೆ ಕಿರಿದಾಗಲಿ, ಹಾಸಿಗೆ ತೆಳುವಾಗಲಿ, ಕಿಟಕಿಯಾಚೆ ನೋಟವಿಲ್ಲದಿರಲಿ, ಯಾರೂ ತಕರಾರು ಮಾಡರು. ತಂಪು, ನೀರು, ಹೊತ್ತು ಎಂಬ ಮೂರರಲ್ಲಿ ಮಾತ್ರ ಬಡ ಅತಿಥಿಗೂ ಧನಿಕ ಅತಿಥಿಗೂ ಭೇದವಿರಕೂಡದು. ಮೊದಲಿನ ಎರಡನ್ನು ಒದಗಿಸಲು ಯಂತ್ರವೂ ವೆಚ್ಚವೂ ಬೇಕು, ಅವನ್ನು ಆ ಹೋಟೆಲುಗಳು ಬಹುಮಟ್ಟಿಗೆ ಒದಗಿಸುತ್ತಲೂ ಇವೆ. ಮೂರನೆಯದಕ್ಕೆ ಬೇಕಾದದ್ದು ನಿಯಮದ ಪುಸ್ತಕದಲ್ಲಿ ಒಂದು ಸಾಲಿನ ತಿದ್ದುಪಡಿ ಮಾತ್ರ. ಮುಂದಿನ ಜೂನ್ ಹದಿನೈದರಂದು ಕಾರ್ಮಿಕರನ್ನು ನೆರಳಿಗೆ ಕರೆಯುವ ಆಜ್ಞೆ ಹೊರಡುವಾಗ, ಅತಿಥಿಗಳನ್ನು ಆ ಹೊತ್ತಿನಲ್ಲಿ ಹೊರಗಿಡಕೂಡದೆಂಬ ಸಾಲೂ ಅದರೊಡನೆ ಸೇರಲಿ.